ಕೋವಿಗೆ ಕಟ್ಟಿದ ಬೆಳಕು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಟಾರ್ಚಿನ ಮೈ ಹಿತ್ತಾಳೆಯದಾಗಿತ್ತೋ ಬೆಳ್ಳಗಿನ ತಗಡಿನದೋ, ಆ ಸಂಜೆ ಗದ್ದೆಯ ಮೇಲೆ ಮಂಜು ಇಳಿದಿತ್ತೋ ಇಲ್ಲವೋ, ಆಣೆಯಿಟ್ಟು ಹೇಳಲಾರೆ. ನೆನಪು ನನಗೆ ಬೇಕಾದ ಕಡೆ ಮಂಜು ಸುರಿಸಿಕೊಳ್ಳುತ್ತದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. ಆದರೆ ಕಬ್ಬಿಣದ ಪಟ್ಟಿ ಮಾತ್ರ ಸುಳ್ಳಲ್ಲ. ನಮ್ಮ ಬಚ್ಚಲುಮನೆಯ ಹೊರಗೋಡೆಗೆ ಮೊಳೆ ಹೊಡೆದು ಕೂರಿಸಿದ, ಎರಡು ಉಂಗುರಗಳನ್ನು ಬೆನ್ನಿಗೆ ಬೆನ್ನು ಬೆಸೆದಂತಿರುವ ಆ ಪಟ್ಟಿಯಲ್ಲಿ ಬಟ್ಟೆ ಒಣಹಾಕುವ ಬಿದಿರಿನ ಗಳದ ತುದಿ ಕೂತಿದೆ. ಮನೆಗೆ ಬಂದವರು ಯಾರೂ ಅದನ್ನು ಎರಡನೆಯ ಸಲ ನೋಡುವುದಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಕಾಲೇಜು ಮುಗಿಸಿ ಮನೆಗೆ ಬಂದಿದ್ದೆ. ಗದ್ದೆಯಲ್ಲಿ ಭತ್ತ ಬಲಿಯುವ ಹೊತ್ತಿಗೆ ಕಾಡುಹಂದಿ ನುಗ್ಗದಂತೆ ಕಾಯುವುದು ನಮ್ಮಲ್ಲಿ ಇಬ್ಬರ ಕೆಲಸ. ಚಿಕ್ಕಪ್ಪ ಕೋವಿ ಹಿಡಿದು ಕೂರುವುದು, ಅಪ್ಪ ಹಿಂದೆ ನಿಂತು ತಮ್ಮನ ಹೆಗಲ ಮೇಲೆ ಟಾರ್ಚ್ ಊರಿ ಬೆಳಕು ಬಿಡುವುದು. ಬೆಳಕು ಮೊದಲು ಹೋಗಿ ನೋಡಿಕೊಂಡು ಬರುತ್ತಿತ್ತು. ಅದು ಹಂದಿಯೇ ಎಂದು ಅಪ್ಪ ಹೆಗಲನ್ನು ಒತ್ತಿದ ಮೇಲಷ್ಟೇ ಕೋವಿ ಏಳುತ್ತಿತ್ತು. ಆ ವರ್ಷ ಗದ್ದೆಗೆ ಸೇರಿದ ಬಾಣೆ ಜಾಗದ ಒಂದು ಹಲಸಿನ ಮರ ಕಡಿದದ್ದಕ್ಕೆ ಅಣ್ಣತಮ್ಮಂದಿರಿಗೆ ಮಾತು ನಿಂತಿತು. ಒಂದೇ ಒಲೆಯ ಅನ್ನ ಉಣ್ಣುತ್ತಿದ್ದರು, ಉಪ್ಪು ಬೇಕಾದರೆ ಮಾತ್ರ ಅಮ್ಮನನ್ನು ಕೇಳುತ್ತಿದ್ದರು. ಹಂದಿಗಳಿಗೆ ಈ ಜಗಳದ ಸುದ್ದಿ ಬೇಗ ಮುಟ್ಟಿದಂತಿತ್ತು. ಕೆಳಗಿನ ಗದ್ದೆ ಅರ್ಧ ಮಲಗಿಹೋಯಿತು.

ಹೆಗಲ ಮೇಲಿನ ಟಾರ್ಚನ್ನು ಕೋವಿಗೇ ಕಟ್ಟಿಬಿಟ್ಟರೆ ಅಣ್ಣನ ಹಂಗಿಲ್ಲ ಎಂದು ಚಿಕ್ಕಪ್ಪನಿಗೆ ಹೊಳೆಯಿತು. ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಓದಲು ನನ್ನನ್ನು ಮೂರ್ನಾಡಿಗೆ ಕರೆದುಕೊಂಡು ಹೋದರು. ಅಂಗಡಿಯ ಕಾಕಾ ಮೂರು ಸೆಲ್ಲಿನ ಉದ್ದನೆಯದೊಂದನ್ನು ಎತ್ತಿ ಇಟ್ಟರು.

“ಇದು ನೋಡಿ ಗೌಡ್ರೆ. ಹಂದಿಗೆ ಕಣ್ಣೇ ಹೋಗ್ತದೆ.”

“ಹಂದಿಗೆ ಕಣ್ಣು ಹೋಗೋದು ಬೇಡ ಕಾಕಾ, ನಂಗೆ ಕಣ್ಣು ಬಂದರೆ ಸಾಕು.”

“ಟಾರ್ಚ್ ಹಿಡಿಯೋಕೆ ನಿಮ್ಮ ಅಣ್ಣ ಉಂಟಲ್ಲ?”

ಚಿಕ್ಕಪ್ಪ ಟಾರ್ಚನ್ನು ಅಂಗೈಯಲ್ಲಿ ತೂಗಿದರು. ಮೂರು ಸೆಲ್ಲಿನದು ನಳಿಗೆಯ ಮೂತಿಯನ್ನು ನೆಲಕ್ಕೆಳೆಯುತ್ತದೆ. ಗುಂಡಿ ಒತ್ತುವಂಥದ್ದಾದರೆ ಈಡು, ಅಂದರೆ ಗುಂಡು, ಹಾರಿದ ಹೊಡೆತಕ್ಕೆ ತಾನೇ ಆರುತ್ತದೆ. ಹಗುರವಾದ ಅಗ್ಗದ್ದರಲ್ಲಿ ಬೆಳಕು ಹರಡಿ ಹಾಲಿನಂತೆ ಚೆಲ್ಲುತ್ತದೆ. ಕೊನೆಗೆ ಎರಡು ಸೆಲ್ಲಿನ, ಜಾರುವ ಗುಂಡಿಯ, ಮೂತಿ ತಿರುಗಿಸಿದರೆ ಬೆಳಕು ಕಿರಿದಾಗುವ ಸಾಧಾರಣ ಟಾರ್ಚನ್ನು ಆರಿಸಿದೆವು. ಸ್ಕ್ರೂ ಹಾಕಿ ಬಿಗಿಯುವ ವಿಲಾಯತಿ ಹಿಡಿಕೆ ನಮ್ಮ ಕೈಗೆಟುಕುವಂಥದ್ದಲ್ಲ. ಕುಲುಮೆಯಲ್ಲಿ ಹಳೆಯ ಪೈಪಿನ ಪಟ್ಟಿಯೊಂದನ್ನು ಬಾಗಿಸಿ, ಒಳಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ, ಜೋಡು ನಳಿಗೆಯ ಅಡಿಗೆ ಕಟ್ಟಿಸಿದರು.

ಹಗಲಿನಲ್ಲೇ ಅಟ್ಟದ ಕಿಟಕಿ ಮುಚ್ಚಿ, ಗೋಡೆಗೆ ಇದ್ದಿಲಿನಿಂದ ಗುರುತು ಹಾಕಿ, ತೋಟೆ ತುಂಬದ ಖಾಲಿ ಕೋವಿ ಹಿಡಿದು ಪರೀಕ್ಷೆ ಮಾಡಿದೆವು. ಬೆಳಕಿನ ನಡುವೂ ಗುರಿಯ ತುದಿಯೂ ಒಂದಾಗುವವರೆಗೆ ರಬ್ಬರನ್ನು ಇಲ್ಲಿ ದಪ್ಪ, ಅಲ್ಲಿ ತೆಳು ಮಾಡಿದೆವು. ಆಗ ಅಮ್ಮ ಕಾಫಿ ಹಿಡಿದು ಏಣಿ ಹತ್ತಿ ಬಂದರು. ಸದ್ದು ಕೇಳಿ ಚಿಕ್ಕಪ್ಪ ಸಹಜವಾಗಿ ಬೆಳಕನ್ನು ಅತ್ತ ತಿರುಗಿಸಿದರು.

“ಕೋವಿ ಆಚೆ ಹಿಡಿ ಮಾರಾಯ,” ಎಂದರು ಅಮ್ಮ. “ಬಂದವರು ಯಾರು ಅಂತ ನೋಡೋಕೂ ಕೋವಿಯೇ ಬೇಕಾ ನಿಂಗೆ?”

ನಾವು ನಕ್ಕೆವು. ಓದುಗ ಮಿತ್ರರೇ, ತಿಂಗಳುಗಟ್ಟಲೆ ತರ್ಕಶಾಸ್ತ್ರ ಓದಿ ಬಂದಿದ್ದ ನನಗೂ ಆ ಮಾತು ತಮಾಷೆಯಾಗಿಯೇ ಕೇಳಿಸಿತು. ಕೋವಿಗೆ ಕಟ್ಟಿದ ಬೆಳಕಿನಲ್ಲಿ ಏನನ್ನಾದರೂ ನೋಡಬೇಕಾದರೆ ಮೊದಲು ಅದಕ್ಕೆ ಗುರಿ ಹಿಡಿಯಬೇಕು. ಅದು ಹಂದಿಯೇ ಎಂದು ಹೆಗಲ ಮೇಲಿನ ಬೆಳಕು ಕೇಳುತ್ತಿದ್ದ ಪ್ರಶ್ನೆಯನ್ನು ಇದು ಕೇಳುವುದಿಲ್ಲ.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಮನೆಯಲ್ಲಿ ಸಾವಾದರೆ ಒಂದರ ಬೆನ್ನಿಗೆ ಒಂದು ಎರಡು ಈಡು ಹಾರಿಸುತ್ತಾರೆ. ಕೇಳಿದವರು ಕೈಯ ಕೆಲಸ ಬಿಟ್ಟು ಬರುತ್ತಾರೆ. ಹಾಗಾಗಿ ಹಂದಿ ಕಾಯುವವರು ಒಂದೇ ಈಡು ಬಿಡುತ್ತಾರೆ. ಅದು ತಪ್ಪಿ ಹಂದಿ ಕಣ್ಣೆದುರೇ ನಿಂತಿದ್ದರೂ ಎರಡನೆಯದನ್ನು ಹಾರಿಸಲು ಸ್ವಲ್ಪ ಹೊತ್ತು ಕಾಯುತ್ತಾರೆ.

ಆ ಸಂಜೆ ಚಿಕ್ಕಪ್ಪ ಒಬ್ಬರೇ ಗದ್ದೆಗೆ ಇಳಿದರು. ನಾನೂ ಅಮ್ಮನೂ ಪಾತ್ರೆ ತೊಳೆಯುತ್ತಿದ್ದೆವು. ಅಪ್ಪ ಜಗಲಿಯಲ್ಲಿದ್ದಾರೆ ಎಂದುಕೊಂಡಿದ್ದೆವು. ಕೆಳಗಿನಿಂದ ಈಡು ಕೇಳಿಸಿತು. ಅದರ ಸದ್ದು ಗುಡ್ಡಕ್ಕೆ ಬಡಿದು ಮರಳುವ ಮೊದಲೇ ಇನ್ನೊಂದು.

ಅಮ್ಮ ಜಗಲಿಗೆ ಬಂದು ನೋಡಿದರು. ಕುರ್ಚಿ ಖಾಲಿಯಿತ್ತು. ಗೂಟದಲ್ಲಿ ಅಪ್ಪನ ಹಳೆಯ ಟಾರ್ಚ್ ಇರಲಿಲ್ಲ.

ಅಮ್ಮ ಅಳಲಿಲ್ಲ. ಬೂದಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದರು, ಒರೆಸಿ ಮುಗಿಯಲೇ ಇಲ್ಲ. ನಾನು ಅಂಗಳದ ತುದಿಗೆ ಹೋಗಿ ಕರೆದೆ. ಇಬ್ಬರಲ್ಲಿ ಯಾರನ್ನು ಕರೆದೆನೋ ನೆನಪಿಲ್ಲ. ಪಕ್ಕದ ಮನೆಯ ಮುದ್ದಯ್ಯ ಮಾವ ಲಾಟೀನು ಹಿಡಿದು ಆಗಲೇ ಓಣಿಯಲ್ಲಿ ಬರುತ್ತಿದ್ದರು, ಸಾವಿನ ಮನೆಗೆ ಹೋಗುವವರಂತೆ ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು. ಅಂಗಳಕ್ಕೆ ಬಂದವರೇ ತಗ್ಗಿದ ದನಿಯಲ್ಲಿ ಕೇಳಿದರು.

“ಯಾರು? ದೊಡ್ಡವನಾ, ಸಣ್ಣವನಾ?”

ಉತ್ತರ ಗದ್ದೆಯ ಕಡೆಯಿಂದ ಬಂತು. “ಯಾರೂ ಇಲ್ಲೆ ಮಾವ. ಹಂದಿಗೆ ಬಿಟ್ಟದ್ದು.” ಅಪ್ಪನ ದನಿ. ಅವರ ಹಿಂದೆ ಚಿಕ್ಕಪ್ಪ. ಕೋವಿ ಅಪ್ಪನ ಕೈಯಲ್ಲಿತ್ತು.

ಮುದ್ದಯ್ಯ ಮಾವ ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡರು. “ಹಂದಿಗೂ ಎರಡು ಈಡಾ ಈಗ? ನಾಳೆ ಅದರ ತಿಥಿಗೂ ಹೇಳಿ ಕಳಿಸಿ, ಬತ್ತೇನೆ.”

ಬೆರಳು ಜಾರಿ ಎರಡನೆಯ ನಳಿಗೆಯ ಕುದುರೆಯನ್ನೂ ಒತ್ತಿತು, ಟಾರ್ಚಿನ ಭಾರಕ್ಕೆ ಕೈ ತಪ್ಪಿತು ಎಂದು ಚಿಕ್ಕಪ್ಪ ಅಮ್ಮನಿಗೆ ಹೇಳಿದರು. ಅಪ್ಪ ತಾನೇಕೆ ಹಳೆಯ ಟಾರ್ಚನ್ನು ಬೆಳಗಿಸದೆ ಬದುವಿನ ಮೇಲೆ ಹೋಗಿ ನಿಂತಿದ್ದೆನೆಂದು ಹೇಳಲೇ ಇಲ್ಲ. ಮರುದಿನ ಬೆಳಿಗ್ಗೆ ಚಿಕ್ಕಪ್ಪ ಪಟ್ಟಿಯನ್ನು ಬಿಚ್ಚಿ ಬಚ್ಚಲುಗೋಡೆಗೆ ಹೊಡೆದರು. ಸಂಜೆ ಇಬ್ಬರೂ ಜೊತೆಯಾಗಿ ಇಳಿದರು, ಮಾತಿಲ್ಲದೆ. ಬೆಳಕು ಮತ್ತೆ ಹೆಗಲ ಮೇಲಿತ್ತು. ಕೆಲವು ದಿನಗಳ ಮೇಲೆ ಅಪ್ಪ ಉಪ್ಪನ್ನು ನೇರವಾಗಿ ತಮ್ಮನನ್ನೇ ಕೇಳಿದರು.

ಕಳೆದ ಮಳೆಗಾಲದಲ್ಲಿ ಅಪ್ಪ ಜ್ವರದಿಂದ ತೀರಿಕೊಂಡರು. ಅಂಗಳದಲ್ಲಿ ನಿಂತು ಎರಡು ಈಡು ಹಾರಿಸಿದವರು ಚಿಕ್ಕಪ್ಪ. ಮೊದಲನೆಯದಾದ ಮೇಲೆ ಅವರ ಕೈ ನಿಂತುಬಿಟ್ಟಿತು. ಎರಡನೆಯದು ಬರುವುದು ಎಷ್ಟು ತಡವಾಯಿತೆಂದರೆ, ಹಂದಿಗೆಂದುಕೊಂಡು ಮನೆಯಲ್ಲೇ ಉಳಿದವರೂ ಇದ್ದರು.

ಮೊನ್ನೆ ಚಿಕ್ಕಪ್ಪ ಗಳದ ಮೇಲೆ ಪಂಚೆ ಹರವುತ್ತಿದ್ದಾಗ, ಪಟ್ಟಿಯೊಳಗೆ ಇನ್ನೂ ಅಂಟಿಕೊಂಡಿದ್ದ ಕಪ್ಪು ರಬ್ಬರಿನ ಚೂರು ಕಂಡು, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿಬಿಟ್ಟೆ. ಅವರು ಪಂಚೆಯ ಸುಕ್ಕನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆದು, ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

“ಚಿಕ್ಕಪ್ಪ, ಆವತ್ತು ಬೆಳಕಲ್ಲಿ ನಿಮಗೆ ಅಪ್ಪ ಕಂಡದ್ದು ಈಡು ಬಿಡೋ ಮೊದಲಾ, ಆಮೇಲಾ?”