ಹಸಿದ ಉಣುಗು, ಉಂಡ ಉಣುಗು

ನಾನೂ ಒಂದು ಕಾಲದಲ್ಲಿ ವೈದ್ಯಕೀಯ ಸಂಶೋಧಕನಾಗಿದ್ದೆ ಎಂದರೆ ನಮ್ಮ ಮನೆಯವರೇ ನಂಬುವುದಿಲ್ಲ. ತಪ್ಪು ಅವರದಲ್ಲ, ನನ್ನ ಸಂಶೋಧನಾ ಜೀವನ ಒಟ್ಟು ಆರು ಶನಿವಾರಗಳದ್ದು.

ಎಪ್ಪತ್ತರ ದಶಕದ ಮಾತು. ಆನವಟ್ಟಿಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದೆ. ಸೊರಬದ ಕಡೆ ಮಂಗಗಳು ಸಾಯುತ್ತಿದ್ದವು. ಕಾಡಿನ ಉಣುಗು, ಅದೇ ರಕ್ತ ಹೀರುವ ಉಣ್ಣೆ, ಕಚ್ಚಿದರೆ ಮನುಷ್ಯರಿಗೂ ಅದೇ ಜ್ವರ. ಅಧ್ಯಯನಕ್ಕೆ ಬಂದ ಡಾಕ್ಟರೊಬ್ಬರು, ಮಕ್ಕಳನ್ನು ಎಳವೆಯಲ್ಲೇ ಸಂಶೋಧನೆಗೆ ಹಚ್ಚಬೇಕು ಎಂದರು. ಹೆಡ್‌ಮಾಸ್ತರು ಕೂಡಲೇ ಒಪ್ಪಿದರು. ಮೇಷ್ಟ್ರುಗಳಿಗೆ ಹೆಂಡತಿ ಮಕ್ಕಳಿದ್ದರು. ನಮಗೆ ಬರೀ ಪರೀಕ್ಷೆ ಇತ್ತು. "ಮಂಗ ಸಾಯದ ಜಾಗವನ್ನೇ ಆರಿಸಿದ್ದೇನೆ" ಎಂದು ಡಾಕ್ಟರು ಧೈರ್ಯ ಹೇಳಿದರು. ಈ ಏರ್ಪಾಡನ್ನು ಮಂಗಗಳಿಗೆ ತಿಳಿಸಿದವರು ಯಾರೋ ಗೊತ್ತಿಲ್ಲ.

ಆಯ್ಕೆಯಾದವರು ಇಬ್ಬರು: ನಾನು ಮತ್ತು ದರ್ಜಿಯ ಮಗಳು ಖೈರುನ್ನೀಸಾ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆಯುತ್ತಾ ಹೋಗುವುದು, ಹತ್ತಿಕೊಂಡ ಉಣುಗನ್ನು ಚಿಮಟದಿಂದ ಕಿತ್ತು ಬಾಟಲಿಗೆ ಹಾಕುವುದು, ಪುಸ್ತಕದಲ್ಲಿ ಬರೆಯುವುದು. ಹಿಂದಿನ ಕಾಲದ ಶಿಷ್ಯರು ಗುರುವಿಗೆ ಸಮಿತ್ತು ಒಯ್ಯುತ್ತಿದ್ದರಂತೆ. ನಮ್ಮ ಗುರುಗಳು ರಸ್ತೆಯಂಚಿನ ಜೀಪಿನಲ್ಲಿ ಪೇಪರ್ ಓದುತ್ತಾ ಮಾರ್ಗದರ್ಶನ ಮಾಡುತ್ತಿದ್ದರು. ಸೋಮವಾರ ಬಾಟಲಿಗಳನ್ನು ಶಾಲೆಗೆ ಒಪ್ಪಿಸಬೇಕು.

ಮೊದಲ ಶನಿವಾರ ನನ್ನ ಬಟ್ಟೆಗೆ ಹತ್ತಿದ್ದು ಉತ್ರಾಣಿ ಮುಳ್ಳು ಮಾತ್ರ. ಮನೆಯಲ್ಲಿ ಅಪ್ಪ ಬೇರೆ, "ಕೊಟ್ಟಿಗೆ ದನದ ಉಣುಗು ಕೀಳೋ ಅಂದ್ರೆ ಕಿವಿ ಕೇಳ್ಸಲ್ಲ, ಕಾಡಿನ ಉಣುಗು ಹುಡುಕ್ಕೊಂಡು ಹೊಂಟಾನೆ ಮಹರಾಯ!" ಎಂದರು. ಮಹಾನ್ ಶೋಧಗಳೆಲ್ಲ ಹೀಗೆ ಬೈಗುಳದಿಂದಲೇ ಹುಟ್ಟಿರಬೇಕು. ಅಂದಿನಿಂದ ನಮ್ಮ ಹಸು ಕೆಂಪಿಯ ಕಿವಿ ನನ್ನ ಪಾಲಿಗೆ ಕಾಡಾಯಿತು. ಬಾಟಲಿ ತುಂಬಿತು. ಹೆಡ್‌ಮಾಸ್ತರು ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳಿದರು.

ಐದು ವಾರಕ್ಕೆ ಖೈರುನ್ನೀಸಾಳ ಗಳಿಕೆ ಎರಡೇ ಉಣುಗು. ಅವಳಿಗೋ ಪ್ರಶ್ನೆ ದೊಡ್ಡದಿತ್ತು. "ಡಾಕ್ಟರ್ ಸಾಹೇಬ್ರು ಹುಡುಗಿಗೆ ತಲೆ ಐತೆ ಅಂತ ಬರ್ಕೊಟ್ರೆ ಶಿವಮೊಗ್ಗ ಕಾಲೇಜು, ಇಲ್ಲಾಂದ್ರೆ ನನ್ನ ಪಕ್ಕ ಕೂತು ಕಾಜಾ ಹಾಕ್ಲಿ" ಎಂದು ಅವಳಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಕರುಣೆ ಉಕ್ಕಿ, ನನ್ನದರಲ್ಲಿ ಒಂದಿಪ್ಪತ್ತು ತಗೋ ಎಂದೆ.

"ನಂಗ್ಯಾಕೋ ನಿನ್ನ ಉಣುಗು? ಅಲ್ಲಿರ್ಲಿಲ್ಲ, ಇರ್ಲಿಲ್ಲ ಅಂತ ಬರ್ದೀನಿ."

"ಹಂಗಾರೆ ಕಾಜಾ ಹಾಕು ಹೋಗು."

"ಹಾಕ್ತೀನಿ. ನಿನ್ನ ಅಂಗೀಗೂ ಹಾಕ್ತೀನಿ, ಬಾ!"

ಆರನೆಯ ಶನಿವಾರ ಡಾಕ್ಟರು ಜೀಪಿನಿಂದ ಇಳಿದರು. ಶಾಲೆಯಿಂದ ತಂದಿದ್ದ ಅಷ್ಟೂ ಬಾಟಲಿಗಳನ್ನು ಬಾನೆಟ್ಟಿನ ಮೇಲೆ ಸಾಲಾಗಿಟ್ಟು ನೋಡಿ, ನನ್ನ ಒಂದು ಉಣುಗನ್ನು ಅಂಗೈ ಮೇಲೆ ಉರುಳಿಸಿದರು. ಹರಳು ಬೀಜದಂತೆ ಗುಂಡಗಿತ್ತು.

"ಏನಪ್ಪಾ, ಬಟ್ಟೆಗೆ ಹತ್ತೋ ಉಣುಗು ಹಸಿದಿರ್ತದೆ, ಎಳ್ಳಿನ ಹಾಗೆ ಚಪ್ಪಟೆ. ಆ ಹುಡುಗಿಯ ಎರಡೂ ಹಾಗೇ ಇವೆ. ನಿನ್ನವೆಲ್ಲಾ ಊಟ ಮುಗಿಸಿ ಎಲೆ-ಅಡಿಕೆ ಹಾಕ್ಕೊಂಡು ಬಂದಂಗಿವೆ! ನಿಮ್ಮನೇಲಿ ಹಸು ಎಷ್ಟಿವೆ?"

"ಒಂದೇ ಸಾರ್" ಎಂದೆ. ನನ್ನ ಸಂಶೋಧನೆಯಲ್ಲಿ ದಾಖಲಾದ ಏಕೈಕ ಸತ್ಯ ಅದು.

ಡಾಕ್ಟರು ಖೈರುನ್ನೀಸಾಳ ಪುಸ್ತಕ ತಿರುವಿದರು. ಪುಟಪುಟಕ್ಕೂ 'ಇಲ್ಲ, ಇಲ್ಲ'. ಅಲ್ಲೇ ಕಾಗದ ಬರೆದುಕೊಟ್ಟರು: ಈ ಹುಡುಗಿ ಇಲ್ಲದ್ದನ್ನು ಇಲ್ಲವೆಂದು ಬರೆಯಬಲ್ಲಳು, ಓದಿಸಿ. "ತಲೆ ಐತೆ ಅಂತ ಎಲ್ಲೂ ಬರ್ದೇ ಇಲ್ವಲ್ರೀ" ಎಂದು ಅವಳಪ್ಪ ಗೊಣಗಿದರಾದರೂ ಜೂನ್ ತಿಂಗಳಲ್ಲಿ ತಾವೇ ಟ್ರಂಕು ಹೊತ್ತು ಅವಳನ್ನು ಶಿವಮೊಗ್ಗದ ಬಸ್ಸು ಹತ್ತಿಸಿದರು.

ನನ್ನ ಸಂಶೋಧನೆ ನಿಷ್ಫಲವಾಯಿತೆಂದು ಮಾತ್ರ ಯಾರೂ ತಿಳಿಯಬಾರದು. ಆ ಬೇಸಿಗೆ ಕೆಂಪಿ ಮೈ ತುರಿಸಿಕೊಳ್ಳಲು ಒಮ್ಮೆಯೂ ಕಂಬ ಹುಡುಕಲಿಲ್ಲ. ಎಷ್ಟು ಸಂಶೋಧಕರಿಗೆ ಈ ಭಾಗ್ಯವಿದೆ?