ಎಡಕ್ಕೆ ಬಾಗಿದ ಕೊಕ್ಕು

ಅಳತೆಗೆಂದು ಇಟ್ಟುಕೊಂಡ ಹಳೆಯ ಜಂಪರೊಂದು ನಿಮ್ಮ ಮನೆಯ ಯಾವುದೋ ಪೆಟ್ಟಿಗೆಯಲ್ಲಿಯೂ ಇದ್ದೀತು. ಇಲ್ಲವೆನ್ನುವವರು ಮನೆಯ ಹೆಂಗಸರನ್ನು ಒಮ್ಮೆ ಕೇಳಿ ನೋಡಬೇಕು. ಬಣ್ಣ ಮಾಸಿ, ಕಂಕುಳಲ್ಲಿ ನೂಲೆದ್ದು, ಇನ್ನು ತೊಡುವಂತಿಲ್ಲದ ಅದನ್ನು ಕೈಒರಸಿಗೂ ಹರಿಯುವುದಿಲ್ಲ. ಏಕೆಂದರೆ ಮೈಗೆ ಸರಿಯಾಗಿ ಕೂತದ್ದು ಅದೊಂದೇ. ನನ್ನ ತಾಯಿ ವಿಜಯಪುರದಿಂದ ಪುಣೆಗೆ ಮದುವೆಯಾಗಿ ಬಂದಾಗ ತಂದಿದ್ದ ಹಸಿರು ಖಣದ ಜಂಪರು ಮೂರು ಮಂದಿ ದರ್ಜಿಗಳ ಕೈ ದಾಟಿ ಬಂದಿತ್ತು. ಅವ್ವನಿಗೆ ಮರಾಠಿ ಬಾರದ ದಿನಗಳಲ್ಲಿ ಅದೇ ಅವಳ ದುಭಾಷಿ. ಅಂಗಡಿಯ ಹಲಗೆಯ ಮೇಲೆ ಹರಡಿ ಬೆರಳಿನಿಂದ ತಟ್ಟಿದರೆ ಸಾಕು, ಮಿಕ್ಕದ್ದನ್ನು ಅದೇ ಹೇಳುತ್ತಿತ್ತು.

ವಿಜ್ಞಾನ, ಪಾಂಡಿತ್ಯ, ಕಲೆ ಎಂದು ನಾವು ದೊಡ್ಡ ದನಿಯಲ್ಲಿ ಕರೆಯುವ ಸಂಸಾರಗಳೂ ಇಂಥ ಪೆಟ್ಟಿಗೆಗಳನ್ನು ಇಟ್ಟುಕೊಂಡೇ ಬಾಳುತ್ತಿವೆ. ಸೂಜಿಗೆ ಚುಚ್ಚಿದ ಒಂದು ಜೀರುಂಡೆ, ಮುರುಕು ಶಾಸನದಲ್ಲಿ ಉಳಿದ ಒಂದು ಅಕ್ಷರ, ಒತ್ತಿ ಒಣಗಿಸಿದ ಒಂದು ಗಿಡ, ಇವೆಲ್ಲ ತಮ್ಮ ಉಪಯೋಗದ ದಿನಗಳನ್ನು ಮುಗಿಸಿ, ಇನ್ನೊಂದಕ್ಕೆ ಅಳತೆಯಾಗಲೆಂದು ಕಪಾಟಿನಲ್ಲಿ ಕಾಯುತ್ತವೆ. ನಾವು ಬರೆದ ಪುಸ್ತಕ ನಮ್ಮ ಅಭಿಪ್ರಾಯ, ಕಪಾಟಿನಲ್ಲಿರುವುದು ಸಾಕ್ಷಿ. ಇದನ್ನು ನಾನು ಓದಿ ತಿಳಿದದ್ದಲ್ಲ. ನನ್ನ ಕೈಯಿಂದಲೇ ಆದ ತಪ್ಪೊಂದರಿಂದ, ಅದೂ ಸುಮಾರು ನಾಲ್ಕು ದಶಕ ತಡವಾಗಿ ತಿಳಿಯಿತು. ಆ ಸಂಗತಿಯನ್ನೇ ಹೇಳುತ್ತೇನೆ.

ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಚಿತ್ರಕಲೆಯ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ನನಗೆ ಇಲ್ಲಿನ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತು. ಅಲ್ಲಿನ ಪ್ರಾಧ್ಯಾಪಕರು ಪುಣೆಯ ಸುತ್ತಲಿನ ಹುಲ್ಲುಬಯಲಿನ ಗಿಡಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಅದಕ್ಕೆ ರೇಖಾಚಿತ್ರಗಳನ್ನು ನಾನು ಬರೆಯಬೇಕಿತ್ತು. ಗಿಡಗಳೆಂದರೆ ಬಯಲಿನಲ್ಲಿ ನಿಂತವಲ್ಲ, ಸುದ್ದಿಪತ್ರಿಕೆಯ ನಡುವೆ ಒತ್ತಿ ಒಣಗಿಸಿ ದಪ್ಪ ಹಾಳೆಗೆ ಅಂಟಿಸಿದವು. ಹಾಳೆಯ ಮೂಲೆಯಲ್ಲೊಂದು ಚೀಟಿ: ಎಲ್ಲಿ ಸಿಕ್ಕಿತು, ಯಾರು ಕಿತ್ತರು, ಹೂವಿನ ಬಣ್ಣವೇನಿತ್ತು. ಒಣಗಿದ ಮೇಲೆ ಎಲ್ಲ ಹೂಗಳೂ ಕಂದೇ ಆಗುವುದರಿಂದ ಬಣ್ಣವನ್ನು ಮಾತಿನಲ್ಲಿಯೇ ಕಾಪಾಡಬೇಕಾಗುತ್ತದೆ.

ಆ ಹಾಳೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಮಲ್ಲಪ್ಪಣ್ಣ. ಇಂಡಿ ತಾಲ್ಲೂಕಿನವರು, ಕಾಲೇಜಿನ ಜವಾನರೆಂದು ಸೇರಿ, ಅಂಟು ಹಚ್ಚುವುದು, ದಂಟನ್ನು ದಾರದಿಂದ ಹಾಳೆಗೆ ಹೊಲಿಯುವುದು, ಹುಳು ಬೀಳದಂತೆ ಕಪಾಟಿನಲ್ಲಿ ಗುಳಿಗೆ ಇಡುವುದು, ಹೀಗೆ ಒಂದೊಂದಾಗಿ ಕಲಿತು, ಕೊನೆಗೆ ಅಲ್ಲಿನ ಯಾವ ಗಿಡ ಯಾವ ಖಾನೆಯಲ್ಲಿದೆಯೆಂಬುದನ್ನು ಪ್ರಾಧ್ಯಾಪಕರಿಗೇ ಹೇಳಿಕೊಡುವಷ್ಟು ಬಲ್ಲವರಾಗಿದ್ದರು. ಇಡೀ ವಿಭಾಗದಲ್ಲಿ ಕನ್ನಡದವರು ನಾವಿಬ್ಬರೇ. ಹತ್ತು ವರ್ಷ ಹಿರಿಯರಾದ ಅವರು ಮೊದಲ ದಿನದಿಂದಲೇ ನನ್ನನ್ನು ತಂಗಿ ಎಂದು ಕರೆದರು.

ಇದ್ದದ್ದನ್ನಷ್ಟೇ ಬರೆಯಬೇಕು, ಇದ್ದಿದ್ದರೆ ಚಂದವಿತ್ತು ಎನಿಸಿದ್ದನ್ನು ಬರೆಯಕೂಡದು ಎಂಬುದು ಪ್ರಾಧ್ಯಾಪಕರ ಒಂದೇ ಕಟ್ಟಳೆ. ಕೇಳುವುದಕ್ಕೆ ಸುಲಭ. ಆದರೆ ಒತ್ತಿದ ಗಿಡ ಯಾವತ್ತೂ ತಾನಿದ್ದಂತೆ ಇರುವುದಿಲ್ಲ. ಮುಖ ಎತ್ತಿದ್ದ ಹೂವು ಪಕ್ಕಕ್ಕೆ ಬಿದ್ದಿರುತ್ತದೆ, ಉಬ್ಬಿದ್ದ ಕಾಯಿ ಬಿಲ್ಲೆಯಾಗಿರುತ್ತದೆ. ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದೇ ಚಿತ್ರಗಾರ್ತಿಯ ಕೆಲಸವಾದ್ದರಿಂದ, ಯಾವುದು ಗಿಡದ ಸ್ವಭಾವ, ಯಾವುದು ಒತ್ತಿನ ಪ್ರಭಾವ ಎಂದು ಹೆಜ್ಜೆಹೆಜ್ಜೆಗೂ ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನಗಳಲ್ಲಿ ಕಣ್ಣು ಎಷ್ಟು, ಆಸೆ ಎಷ್ಟು ಎಂದು ನನ್ನನ್ನು ಆಗ ಯಾರೂ ಕೇಳಲಿಲ್ಲ.

ಕೊನೆಯ ವಾರದಲ್ಲಿ ಒಂದು ಬೆರಳುದ್ದದ ಗಿಡ ನನ್ನ ಮೇಜಿಗೆ ಬಂತು. ರಾಂಜಣಗಾಂವದ ಬಯಲಿನಲ್ಲಿ, ಅಲ್ಲಿ ಕಾರ್ಖಾನೆಗಳು ಏಳುವ ಮುನ್ನ, ಪ್ರಾಧ್ಯಾಪಕರೇ ಕಿತ್ತು ತಂದು ಹೊಸ ಜಾತಿಯೆಂದು ಹೆಸರಿಟ್ಟದ್ದು. ನೀಲಿ ಹೂವೆಂದು ಚೀಟಿ ಹೇಳುತ್ತಿತ್ತು. ಅದರಲ್ಲಿ ಮೂರು ಬೀಜಕೋಶಗಳಿದ್ದವು. ಪ್ರತಿಯೊಂದರ ತುದಿಯಲ್ಲಿ ಹಕ್ಕಿಯ ಕೊಕ್ಕಿನಂಥ ಸಣ್ಣ ಚೂಪು. ಮೂರೂ ಎಡಕ್ಕೆ ಬಾಗಿದ್ದವು. ಗಿಡ ಒತ್ತುವ ಹಲಗೆಗಳ ಭಾರಕ್ಕೆ ಬಾಗಿರಬೇಕೆಂದುಕೊಂಡು ನಾನು ನೆಟ್ಟಗೆ ಬರೆದೆ. ನೆಟ್ಟಗಿನ ಕೊಕ್ಕು ಪುಟದಲ್ಲಿ ಎಷ್ಟು ಸೊಗಸಾಗಿ ಕೂತಿತೆಂದರೆ ಇನ್ನೊಮ್ಮೆ ಭೂತಗನ್ನಡಿ ಹಿಡಿದು ನೋಡಲು ಮನಸ್ಸಾಗಲಿಲ್ಲ.

ಹಾಳೆ ಒಯ್ಯಲು ಬಂದ ಮಲ್ಲಪ್ಪಣ್ಣ ಚಿತ್ರವನ್ನೂ ಗಿಡವನ್ನೂ ನೋಡಿ ನಿಂತರು.

"ತಂಗಿ, ಇದರ ಮೂಗು ಸೊಟ್ಟ ಅದ ಅಲ್ಲ?"

"ಒತ್ತಿದಾಗ ಸೊಟ್ಟ ಆಗ್ಯಾದ ಅಣ್ಣಾ."

"ಮೂರೂ ಒಂದ ಕಡೆಗೆ?"

ನಾನು ಕುಂಚ ತೊಳೆಯತೊಡಗಿದೆ. ಅವರು ಹಾಳೆ ಎತ್ತಿಕೊಂಡು ಹೋದರು. ಪುಸ್ತಕ ಅಚ್ಚಾಯಿತು, ಕೆಲವು ವರ್ಷಗಳ ಮೇಲೆ ಪ್ರಾಧ್ಯಾಪಕರು ತೀರಿಕೊಂಡರು, ನಾನು ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರಾಗಿ ಸೇರಿ ಅಲ್ಲಿಯೇ ನಿವೃತ್ತಳಾದೆ. ಆ ಮೂರು ಕೊಕ್ಕುಗಳನ್ನು ನಾನು ನೆನೆಯುತ್ತಿದ್ದೆನೆಂದರೆ ಸುಳ್ಳಾದೀತು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಸಹನಾ ಎಂಬ ಸಂಶೋಧಕಿ, ವಿಭಾಗದ ಹಳೆಯ ಸಂಬಳಪಟ್ಟಿಯಲ್ಲಿ ನನ್ನ ಹೆಸರು ಕಂಡು, ನನ್ನ ಮನೆ ಹುಡುಕಿಕೊಂಡು ಬಂದಳು. ಮೈಸೂರಿನವಳು, ಇಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ದೌಂಡದ ಹತ್ತಿರ ರೈಲು ಹಳಿಗೂ ಕಬ್ಬಿನ ಗದ್ದೆಗೂ ನಡುವೆ, ಯಾರೂ ನೇಗಿಲು ಹೂಡದ ಒಂದು ಪಟ್ಟಿ ನೆಲದಲ್ಲಿ ಅವಳಿಗೊಂದು ಗಿಡ ಸಿಕ್ಕಿತ್ತು. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದಳು. ಬೆರಳುದ್ದದ ಗಿಡ, ನೀಲಿ ಹೂವು, ಎಡಕ್ಕೆ ಬಾಗಿದ ಕೊಕ್ಕು.

"ಎಲ್ಲಾ ನಿಮ್ಮ ಬುಕ್ಕಲ್ಲಿರೋ ಗಿಡದ ಥರಾನೇ ಇದೆ ಮೇಡಂ, ಕೊಕ್ಕು ಒಂದು ಬಿಟ್ಟು. ನಿಮ್ಮ ಡ್ರಾಯಿಂಗಲ್ಲಿ ಸ್ಟ್ರೈಟ್ ಇದೆ. ನಾನು ನೋಡಿದ ಇನ್ನೂರು ಗಿಡದಲ್ಲಿ ಒಂದೂ ಸ್ಟ್ರೈಟ್ ಇಲ್ಲ. ಅಂದ್ರೆ ಇದು ಹೊಸ ಜಾತಿ."

ಮೂಲದ ಹಾಳೆಯನ್ನು ನೋಡಿದಳೇ ಎಂದು ಕೇಳಿದೆ. ವಿಭಾಗ ಹೊಸ ಕಟ್ಟಡಕ್ಕೆ ಹೋದಾಗ ಆ ಹಾಳೆ ಕಳೆದುಹೋಗಿದೆ, ಪಟ್ಟಿಯಲ್ಲಿ ಹೆಸರಿದೆ, ಖಾನೆಯಲ್ಲಿಲ್ಲ ಎಂದಳು. ಈಗ ಉಳಿದಿರುವ ಆಧಾರ ನನ್ನ ಚಿತ್ರವೊಂದೇ.

"ನೀವು ಹಾಳೆ ನೋಡ್ಕೊಂಡೇ ಬರೆದಿದ್ದು ಅಂತ ಒಂದು ಲೆಟರ್ ಕೊಟ್ರೆ ಸಾಕು, ನಮ್ಮ ಗೈಡ್ ಒಪ್ತಾರೆ. ಗಿಡಕ್ಕೆ ಅಮ್ಮನ ಹೆಸರು ಇಡ್ಬೇಕು ಅಂತಿದೀನಿ ಮೇಡಂ. ಹೂ ಕಟ್ಟಿ ಮಾರಿ ನನ್ನ ಓದಿಸಿದೋಳು."

ನಾನು ಏನು ಹೇಳಿದೆ ಗೊತ್ತೆ? "ನೋಡಿಕೋತ ಬರದದ್ದು ಖರೆ ಅದ, ಎರಡು ದಿನ ಬಿಟ್ಟು ಪತ್ರ ಕೊಡತೀನಿ" ಎಂದೆ. ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಅವಳು ಮೆಟ್ಟಿಲಿಳಿದು ಹೋಗುವಾಗ, ನನ್ನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ಹೇಳಿಲ್ಲವೆಂದು ನನಗೆ ಅನ್ನಿಸಿತು.

ಎರಡು ದಿನ ಲೇಖನಿ ಹಿಡಿದು ಕೂತೆ. ಪತ್ರ ಕೊಟ್ಟರೆ ಯಾರಿಗೂ ನಷ್ಟವಿಲ್ಲ: ಅವಳಿಗೊಂದು ಹೊಸ ಜಾತಿ, ಒಬ್ಬ ತಾಯಿಗೆ ಹೆಸರು, ನನಗೆ ನನ್ನ ಮರ್ಯಾದೆ. ಹಾಳೆ ಕಳೆದಿದೆ, ಹೇಳುವವರಿಲ್ಲ. ಆದರೆ ಎಲ್ಲರಿಗೂ ಲಾಭವಾಗುವ ಆ ಏರ್ಪಾಡಿನಲ್ಲಿ ಗಿಡದ ಪಾಲಿಗೆ ಬರುವುದೇನು? ಇರುವ ಒಂದು ಗಿಡಕ್ಕೆ ಎರಡು ಹೆಸರು. ಅದರಲ್ಲೊಂದು, ನೆಟ್ಟ ಕೊಕ್ಕಿನದು, ಭೂಮಿಯ ಮೇಲೆ ಎಲ್ಲಿಯೂ ಇಲ್ಲದ, ನನ್ನ ಮಸಿಯಲ್ಲಿ ಮಾತ್ರ ಹುಟ್ಟಿದ ಗಿಡ. ಮುಂದೆ ಯಾರೋ ಅದನ್ನು ಹುಡುಕುತ್ತ ಬಯಲುಬಯಲು ಅಲೆಯುವರು. ಕವಿತೆಯಲ್ಲಿ ಇಂಥದನ್ನು ಸೃಷ್ಟಿ ಎನ್ನಬಹುದು. ಹಾಳೆಯ ಎದುರು ಕೂತು ಮಾಡಿದಾಗ ಅದಕ್ಕೆ ಬೇರೆ ಹೆಸರಿದೆ.

ಮೂರನೆಯ ದಿನ ಬೆಳಿಗ್ಗೆ ಯೆರವಡಾಕ್ಕೆ ಹೋದೆ. ಮಲ್ಲಪ್ಪಣ್ಣ ನಿವೃತ್ತರಾದ ಮೇಲೆ ಅಲ್ಲಿ ಮಗಳ ಮನೆಯಲ್ಲಿದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಚುರುಕಾಗಿತ್ತು. ನಾನು ಎಲ್ಲವನ್ನೂ ಹೇಳಿ ಮುಗಿಸಿದೆ.

"ಹಾಳಿ ಕಳದದ ಅಂತ ಯಾರಂದ್ರು?" ಎಂದರು ಅವರು. "ಕಪಾಟ ಸಾಗಸೂ ಮುಂದ ಹೊದಿಕಿ ಹರದಿದ್ದ ಹಾಳಿ ಎಲ್ಲಾ ಆರಿಸಿ ಬ್ಯಾರೆ ಗಂಟು ಕಟ್ಟಿಟ್ಟೇನಿ. ಗಂಟಿನ ಮ್ಯಾಲ ದಪ್ಪ ಅಕ್ಷರದಾಗ 'ದುರಸ್ತಿಗೆ' ಅಂತ ಬರದೇನಿ."

"ಮತ್ತ ಯಾರಿಗೂ ಹ್ಯಾಂಗ ಕಾಣಲಿಲ್ಲ?"

"ಕನ್ನಡದಾಗ ಬರದೇನಲ್ಲ ತಂಗಿ. ಅದ ತಿಂಗಳ ನಾ ರಿಟೈರ್ ಆದೆ. ಓದವ್ರು ಯಾರ ಇದ್ರು ಅಲ್ಲಿ?"

ಇಬ್ಬರೂ ನಕ್ಕೆವು. ಆಮೇಲೆ ನಾನು ಅವರ ಮನೆಯ ಕಟ್ಟೆಯ ಮೇಲೆಯೇ ಕೂತು ಸಹನಾಗೆ ಫೋನು ಮಾಡಿದೆ. ಹಾಳೆ ಸಿಕ್ಕ ಮೇಲೆ ಹೇಳಿದರೆ ನಾನು ಸಿಕ್ಕಿಬಿದ್ದು ಒಪ್ಪಿಕೊಂಡ ಹಾಗಾಗುತ್ತದೆ. ಸಿಗುವ ಮುಂಚೆ ಹೇಳಬೇಕೆಂದು ನನಗೆ ತೋರಿತು.

"ಸಹನಾ, ಆ ಕೊಕ್ಕು ಹಾಳಿ ಮ್ಯಾಲ ನೆಟ್ಟಗಿರಲಿಲ್ಲವ್ವಾ. ಸೊಟ್ಟ ಇತ್ತು. ನಾನ ನೆಟ್ಟಗ ಮಾಡಿದೆ."

ಅವಳು ಸಣ್ಣ ದನಿಯಲ್ಲಿ, "ಹಾಗಾದ್ರೆ ಹೊಸದಲ್ಲ ಅಲ್ವಾ ಮೇಡಂ?" ಎಂದಳು.

ಮಧ್ಯಾಹ್ನ ಮೂವರೂ ಕಾಲೇಜಿನಲ್ಲಿ ಸೇರಿದೆವು. ಹೊಸ ಕಟ್ಟಡದ ಕೊನೆಯ ಕೋಣೆಯಲ್ಲಿ, ಮುರಿದ ಸ್ಟೂಲುಗಳ ಹಿಂದೆ, ಕಪಾಟಿನ ನೆತ್ತಿಯ ಮೇಲೆ ಗಂಟು ಇತ್ತು. ಎಷ್ಟೋ ಜನ ಅದನ್ನು ಎತ್ತಿ ಧೂಳು ಜಾಡಿಸಿ ಮತ್ತೆ ಅಲ್ಲೇ ಇಟ್ಟಿದ್ದರು. ಮಲ್ಲಪ್ಪಣ್ಣ ಗಂಟು ಬಿಚ್ಚಿ, ಕಣ್ಣಿಗಿಂತ ಬೆರಳನ್ನೇ ನಂಬಿ, ಹಾಳೆಗಳ ಅಂಚು ಸವರುತ್ತ ಹೋಗಿ ಒಂದನ್ನು ಎಳೆದು ಮೇಜಿನ ಮೇಲಿಟ್ಟರು. ಸಹನಾ ತಾನು ದೌಂಡದಿಂದ ತಂದು ಒಣಗಿಸಿದ್ದನ್ನು ಅದರ ಪಕ್ಕಕ್ಕೆ ಇಟ್ಟು ಭೂತಗನ್ನಡಿ ಹಿಡಿದು ಬಗ್ಗಿದಳು. ಹಳೆಯ ಹಾಳೆಯಲ್ಲಿ ಮೂರು, ಹೊಸ ಹಾಳೆಯಲ್ಲಿ ಏಳು, ಹತ್ತೂ ಎಡಕ್ಕೆ. ಒಂದೇ ಗಿಡ.

ಅವಳು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು. ಹಿಂದೆಯೇ ಹೊರಟ ನನ್ನನ್ನು ಮಲ್ಲಪ್ಪಣ್ಣ ತಡೆದರು.

"ಬ್ಯಾಡ. ಅಳ್ಳಿ ಬಿಡು. ನೀ ಹೋದ್ರ ಆಕಿ ನಿನಗ ಸಮಾಧಾನ ಹೇಳಬೇಕಾಗ್ತದ."

ಆ ಮಾತಿನ ಸೂಕ್ಷ್ಮಕ್ಕೆ ನಾನು ಬೆರಗಾದೆ. ಜೀವಮಾನವೆಲ್ಲ ಒಣಗಿದ ಎಲೆ ಮುರಿಯದಂತೆ ಎತ್ತಿದ ಕೈ ಅದು.

ಮೂರು ತಿಂಗಳು ಸಹನಾಳ ಸುದ್ದಿಯಿರಲಿಲ್ಲ. ಸಿಟ್ಟಿಗೆ ಕಾರಣವಿತ್ತು, ಅವಳು ಬರೆದಿದ್ದ ಅಧ್ಯಾಯ ಪೂರ್ತಿ ಹೋಗಿ, ಪ್ರಬಂಧ ಆರು ತಿಂಗಳು ಹಿಂದೆ ಬಿದ್ದಿತ್ತು. ಸಂಕ್ರಾಂತಿಯ ಮಾರನೆಯ ದಿನ ಬಾಗಿಲಲ್ಲಿ ಬಂದು ನಿಂತಳು. ಎಳ್ಳುಬೆಲ್ಲ ಕೊಟ್ಟೆ, ತಿನ್ನುತ್ತಲೇ ಮಾತಾಡಿದಳು. ರಾಂಜಣಗಾಂವದಲ್ಲಿ ಚೀಟಿ ಹೇಳುವ ಜಾಗವನ್ನು ಹುಡುಕಿ ಹೋಗಿದ್ದಳಂತೆ. ಅಲ್ಲೀಗ ಕಾರ್ಖಾನೆಯೊಂದರ ಲಾರಿ ನಿಲ್ಲುವ ಸಿಮೆಂಟಿನ ಅಂಗಳ. ಪುಸ್ತಕದಿಂದೀಚೆಗೆ ಆ ಗಿಡವನ್ನು ಎಲ್ಲಿಯೂ ಕಂಡವರ ದಾಖಲೆ ಅವಳಿಗೆ ಸಿಗಲಿಲ್ಲ. ಕಂಡಿದ್ದರೂ ಪುಸ್ತಕದ ಚಿತ್ರಕ್ಕೆ ಹೋಲದೆಂದು ಬಿಟ್ಟಿರಬಹುದು. ಉಳಿದಿರುವುದು ತನಗೆ ಗೊತ್ತಿದ್ದ ಮಟ್ಟಿಗೆ ದೌಂಡದ ಆ ಪಟ್ಟಿಯಲ್ಲಿ ಮಾತ್ರ ಎಂದಳು.

"ಅದನ್ನೇ ಬರೀತಿದೀನಿ ಮೇಡಂ. ಹೊಸದಾಗಿ ಡ್ರಾಯಿಂಗ್ ಬೇಕು. ಬರೀತೀರಾ?"

ಬರೆದೆ. ಹದಿನೈದು ದಿನ ಹಿಡಿಯಿತು, ಒಂದೊಂದು ಕೊಕ್ಕಿಗೂ ಭೂತಗನ್ನಡಿ ಹಿಡಿದೆ. ಹಳೆಯ ಹಾಳೆಯ ಮೇಲೆ ಒಂದು ಚೀಟಿ ಅಂಟಿಸಬೇಕೆಂದೂ, ಪುಸ್ತಕದ ಚಿತ್ರದ ತಪ್ಪನ್ನು ಅದರಲ್ಲಿ ನಮೂದಿಸಬೇಕೆಂದೂ ಅವಳು ಹೇಳಿದಾಗ ನಾನೇ ಬರೆಯುತ್ತೇನೆಂದೆ. ಬೀಜಕೋಶದ ಕೊಕ್ಕು ಎಡಕ್ಕೆ ಬಾಗಿದೆ, ಪ್ರಕಟಿತ ಚಿತ್ರದಲ್ಲಿ ಅದು ನೆಟ್ಟಗಿರುವುದು ಚಿತ್ರಗಾರ್ತಿಯ ತಪ್ಪು ಎಂದು ಬರೆದು ಸಹಿ ಹಾಕಿದೆ. ಆ ಪುಸ್ತಕದ ನೂರಾರು ಚಿತ್ರಗಳಲ್ಲಿ ಒಂದಕ್ಕೂ ನನ್ನ ಸಹಿಯಿಲ್ಲ; ವಿಜ್ಞಾನದಲ್ಲಿ ನನ್ನ ಹೆಸರು ಉಳಿಯುವುದಾದರೆ ಈ ಒಂದು ತಪ್ಪಿನ ಕೆಳಗೆ ಉಳಿದೀತು. ಅದರಿಂದ ನನಗೆ ಬೇಸರವಾಗಬೇಕಿತ್ತು, ಆಗಲಿಲ್ಲ.

ಈ ವರ್ಷ ಶ್ರಾವಣದಲ್ಲಿ ಸಹನಾಳ ತಾಯಿ ಮೈಸೂರಿನಿಂದ ಬಂದಿದ್ದರು. ತಮ್ಮ ಹೆಸರು ಸಿಕ್ಕದ ಗಿಡವನ್ನು ಒಮ್ಮೆ ಕಣ್ಣಿಂದಾದರೂ ನೋಡುತ್ತೇನೆಂದು ಹಟ ಹಿಡಿದರಂತೆ. ತಾಯಿ, ಮಗಳು, ನಾನು ಸೋಲಾಪುರದ ಗಾಡಿಯಲ್ಲಿ ದೌಂಡಕ್ಕೆ ಹೋಗಿ, ಕಬ್ಬಿನ ಬದುವಿನ ಮೇಲೆ ನಡೆದು ಆ ಪಟ್ಟಿಯನ್ನು ತಲುಪಿದೆವು. ಬದುಕಿರುವ ಆ ಗಿಡವನ್ನು ನಾನೂ ಅಂದೇ ಮೊದಲು ನೋಡಿದ್ದು. ಚೀಟಿಯಲ್ಲಿ ಓದಿದ್ದ ನೀಲಿ ಇಷ್ಟು ತೆಳುವೆಂದು ಯಾವ ಪದವೂ ನನಗೆ ತಿಳಿಸಿರಲಿಲ್ಲ.

ಆ ತಾಯಿ ಕುಕ್ಕರಗಾಲಲ್ಲಿ ಕೂತು ದಿಟ್ಟಿಸಿದರು. "ಇಷ್ಟೇನಾ?" ಎಂದರು.

"ಇಷ್ಟೇ ಅಮ್ಮ."

"ಕಟ್ಟೋಕೂ ಬರಲ್ಲ, ಮುಡಿಯೋಕೂ ಬರಲ್ಲ." ಇನ್ನಷ್ಟು ಬಗ್ಗಿ ನೋಡಿದರು. "ಪಾಪ, ಎಲ್ಲಾನೂ ಒಂದೇ ಕಡೆ ತಿರುಗ್ಕೊಂಡಿವೆ. ಯಾರನ್ನೋ ಕಾಯೋ ಹಾಗೆ."

ಆಮೇಲೆ ಅವರು ಎದ್ದರು. ಏಳುವ ಮುನ್ನ, ಗಾಳಿಗೆ ಗಿಡದ ಮೇಲೆ ಹೋಗಿ ಬಿದ್ದಿದ್ದ ತಮ್ಮ ಸೆರಗನ್ನು ಒಂದು ಎಲೆಯೂ ಅಲುಗದಂತೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.