ಮೊಂಡು ಮಚ್ಚು, ಅಣ್ಣನ ಹೆಬ್ಬೆರಳು

ಮಚ್ಚು ಚೂಪಾಗಿದೆಯೋ ಇಲ್ಲವೋ ಎಂದು ನಮ್ಮಣ್ಣ ಕಣ್ಣಿನಿಂದ ನೋಡುವುದೇ ಇಲ್ಲ. ಬಲಗೈ ಹೆಬ್ಬೆರಳನ್ನು ಅಲಗಿನ ಮೇಲೆ ಅಡ್ಡಕ್ಕೆ ಸವರುತ್ತಾನೆ, ಅಷ್ಟೇ. ಸವರುವಾಗ ಬೇಕಾದರೆ ರಸ್ತೆಯಲ್ಲಿ ಹೋಗುವವರನ್ನು ಮಾತಾಡಿಸುತ್ತಿರುತ್ತಾನೆ. ಕೆ.ಆರ್. ಪೇಟೆಯ ಮಾಕವಳ್ಳಿ ರಸ್ತೆಯ ಪಕ್ಕದಲ್ಲಿರುವ ಕುಲುಮೆ ನಮ್ಮಪ್ಪನ ಕಾಲದ್ದು. ಸಕ್ಕರೆ ಕಾರ್ಖಾನೆ ಅರೆಯಲು ಶುರುಮಾಡಿತೆಂದರೆ ಕಬ್ಬು ಕಡಿಯುವವರು ಬೆಳಗಾಗುವುದರೊಳಗೆ ಮಚ್ಚು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಅಣ್ಣನ ಹೆಬ್ಬೆರಳು ಹೂಂ ಅನ್ನದೆ ಒಂದು ಮಚ್ಚೂ ಆಚೆ ಹೋಗುವುದಿಲ್ಲ.

ನಾನು ಪಾಂಡವಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಬಾಯಿ ಜೋರು ಎಂದು ಮನೆಯಲ್ಲೂ ಕಾಲೇಜಿನಲ್ಲೂ ಹೆಸರು ತೆಗೆದುಕೊಂಡಿದ್ದೇನೆ, ಇರಲಿ. ಮೈಯೊಳಕ್ಕೆ ನುಗ್ಗಿದ ರೋಗಾಣುವನ್ನು ನಮ್ಮ ಜೀವಕೋಶಗಳು ಹೇಗೆ ಗುರುತು ಹಿಡಿಯುತ್ತವೆ ಎಂಬ ಪಾಠವನ್ನು ನಾನು ಪುಸ್ತಕ ಮುಚ್ಚಿಟ್ಟು ಹೇಳಬಲ್ಲೆ. ಅದೇ ಪಾಠವನ್ನು ನಮ್ಮ ಕುಲುಮೆಯಲ್ಲಿ, ಒಡಹುಟ್ಟಿದವನ ಮುಂದೆ ಕೂತು ಹೇಳಬೇಕಾದೀತು ಎಂದು ಮಾತ್ರ ಎಣಿಸಿರಲಿಲ್ಲ.

ನಮ್ಮ ಕುಲುಮೆಯಲ್ಲಿ ಒಂದು ಕಲ್ಲುಬಾನಿ ಇದೆ. ಕೆಂಪಗೆ ಕಾದ ಕಬ್ಬಿಣವನ್ನು ಚೊಂಯ್ ಎಂದು ಅದ್ದುವುದು ಅದರ ನೀರಿನಲ್ಲೇ. ಆ ನೀರನ್ನು ಚೆಲ್ಲುವ ಪದ್ಧತಿ ನಮ್ಮಲ್ಲಿಲ್ಲ, ಕಡಿಮೆಯಾದರೆ ಮೇಲೆ ಒಂದಿಷ್ಟು ಹೊಯ್ಯುತ್ತಾರೆ. ಬೆಂಕಿ ಕುಡಿದ ನೀರಿಗಿಂತ ಚೊಕ್ಕವಾದದ್ದು ಇನ್ನೇನಿದೆ ಎಂಬುದು ಮನೆತನದ ನಂಬಿಕೆ. ಕೈ ಸುಟ್ಟರೂ ಕುಯ್ದರೂ ಬಾನಿಗೆ ಅದ್ದು. ಮಕ್ಕಳ ಕಜ್ಜಿಗೆಂದು ಚೊಂಬಿನಲ್ಲಿ ತುಂಬಿಸಿಕೊಂಡು ಹೋಗುವವರೂ ಇದ್ದರು. ಪೂರ್ತಿ ಪೆದ್ದುತನವೆಂದು ನಾನು ಹೇಳುವುದಿಲ್ಲ. ಕಾದ ಕಬ್ಬಿಣಕ್ಕೆ ಸಿಕ್ಕ ರೋಗಾಣು ಸಾಯುವುದು ನಿಜ. ಆದರೆ ಬಾನಿಯ ನೀರೆಲ್ಲ ಕುದಿಯುವುದಿಲ್ಲವಲ್ಲ, ಉಗುರುಬೆಚ್ಚಗಾಗುತ್ತದೆ. ತಳದಲ್ಲಿ ಮಸಿ, ಕೊಳೆತ ಎಲೆ, ಮೇಲೆ ಬೆಚ್ಚನೆಯ ನೀರು. ರೋಗಾಣುಗಳಿಗೆ ಅದು ಮಾವನ ಮನೆ.

ಹೋದ ಹಂಗಾಮಿನಲ್ಲಿ ಮಚ್ಚು ಸವರುವಾಗ ಕಬ್ಬಿಣದ ಸಿಬಿರೊಂದು ಅಣ್ಣನ ಹೆಬ್ಬೆರಳಿಗೆ ಆಳವಾಗಿ ಹೊಕ್ಕಿತು. ಕಿತ್ತು ಎಸೆದು, ಎಂದಿನಂತೆ ಬೆರಳನ್ನು ಬಾನಿಗೆ ಅದ್ದಿದ. ಬೆರಳು ಊದಿ ಬದನೆಕಾಯಿಯಾಯಿತು. ಸುತ್ತಿಗೆ ಹಿಡಿಯಲಾಗದು, ಬಾಗಿಲಲ್ಲಿ ಕಾದಿರುವವರು ಬಿಡರು. ಕಬ್ಬಿನ ಟ್ರಾಕ್ಟರು ಓಡಿಸುವ ಸ್ನೇಹಿತನೊಬ್ಬ ತನ್ನ ಮಂಡಿ ಊತಕ್ಕೆ ಯಾವಾಗಲೋ ತಂದಿಟ್ಟುಕೊಂಡಿದ್ದ ಮಾತ್ರೆಗಳನ್ನು ಪ್ರೀತಿಯಿಂದಲೇ ಕೊಟ್ಟ. ಅಣ್ಣ ನುಂಗಿದ, ಊತ ಇಳಿಯಿತು. ಯುದ್ಧ ಗೆದ್ದವನ ಹಾಗೆ ನನಗೆ ಫೋನು ಮಾಡಿದ. ಯಾವ ಮಾತ್ರೆ ಎಂದು ಕೇಳಿದೆ. ಅತ್ತಿಗೆ ಅದರ ಫೋಟೋ ಕಳಿಸಿದರು. ನೋಡಿದರೆ ಸ್ಟೀರಾಯ್ಡ್. ರೇಗಿಹೋಯಿತು ನನಗೆ. ಮಧ್ಯಾಹ್ನದ ಕ್ಲಾಸನ್ನು ಇನ್ನೊಬ್ಬರಿಗೆ ಒಪ್ಪಿಸಿ ಕೆ.ಆರ್. ಪೇಟೆ ಬಸ್ಸು ಹತ್ತಿದೆ.

ಕುಲುಮೆಗೆ ಹೋದಾಗ ಅತ್ತಿಗೆ ತಿದಿಯೊತ್ತುತ್ತಿದ್ದರು. ಅಣ್ಣ ಎಡಗೈಯಲ್ಲಿ ಸುತ್ತಿಗೆ ಹಿಡಿದು ಒದ್ದಾಡುತ್ತಿದ್ದ. ಊತವೇನೋ ತಗ್ಗಿತ್ತು, ಆದರೆ ಬೆರಳು ಬಿಳುಚಿಕೊಂಡು ಮಿರಮಿರ ಮಿಂಚುತ್ತಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೆಂಪು ಗೆರೆ ಎದ್ದಿತ್ತು. ರೋಗಾಣು ಬೆರಳು ಬಿಟ್ಟು ತೋಳಿನ ಹಾದಿ ಹಿಡಿದಿತ್ತು. ಈಗಲೇ ಆಸ್ಪತ್ರೆಗೆ ನಡೆ ಎಂದೆ.

"ಊತ ಇಳುದ್ಬುಟ್ಟದೆ ಕಣಮ್ಮಿ, ನೋವೂ ಇಲ್ಲ. ಸೀಜನ್ನಾಗೆ ಬಾಗ್ಲಾಕ್ಕೊಂಡು ಆಸ್ಪತ್ರೆ ಸುತ್ತಾನಾ?"

ಕೂಗಾಡಿದರೆ ಅವನು ಜಗ್ಗುವ ಆಸಾಮಿಯಲ್ಲ. ಕೊರಡಿನ ಮೇಲೆ ಕೂತು ಪಾಠ ಶುರುಮಾಡಿದೆ. ಚರ್ಮದ ಕೆಳಗೆ ನಮ್ಮ ಕಾವಲು ಕೋಶಗಳಿವೆ, ಅವಕ್ಕೆ ಕಣ್ಣಿಲ್ಲ. ಅವುಗಳ ಮೈಮೇಲೆ ಗ್ರಾಹಕಗಳೆಂಬ ಸಣ್ಣ ಸಣ್ಣ ರಚನೆಗಳಿವೆ, ಹುಟ್ಟಿನಿಂದಲೇ ಬಂದವು. ರೋಗಾಣುವಿನ ಗೋಡೆಯ ಚೂರು, ಅದರ ಬಾಲದ ಎಳೆ, ಇಂಥವು ನಮ್ಮ ಮೈಯಲ್ಲಿ ಇಲ್ಲವೇ ಇಲ್ಲ. ಗ್ರಾಹಕಕ್ಕೆ ಅಂಥದೊಂದು ತಾಕಿ ಕಚ್ಚಿಕೊಂಡರೆ ಸಾಕು, ಹೊರಗಿನವನು ಬಂದ ಎಂದು ತಿಳಿಯುತ್ತದೆ. ಯಾವ ಜಾತಿಯ ರೋಗಾಣು, ಯಾವ ಊರಿನದು ಎಂದು ವಿಚಾರಿಸುವ ಕೆಲಸವಿಲ್ಲ. ತಕ್ಷಣ ಕೋಶ ಕೂಗು ಹಾಕುತ್ತದೆ, ರಕ್ತದಿಂದ ಬಿಳಿಕಣಗಳು ಓಡಿ ಬರುತ್ತವೆ. ಬೆರಳು ಊದುವುದು, ಬಿಸಿಯಾಗುವುದು, ನೋಯುವುದು ಎಲ್ಲ ನಮ್ಮ ಕಡೆಯ ಜನ ಸೇರಿದ್ದರ ಗುರುತು. ನೀನು ನುಂಗಿದ ಮಾತ್ರೆ ರೋಗಾಣುವನ್ನು ಕೊಲ್ಲಲಿಲ್ಲ, ಕೋಶದ ಕೂಗನ್ನು ಅಡಗಿಸಿತು. ಈಗ ಗ್ರಾಹಕಕ್ಕೆ ಕಳ್ಳ ತಾಕುತ್ತಲೇ ಇದ್ದಾನೆ, ಸುದ್ದಿ ಮಾತ್ರ ಯಾರಿಗೂ ಮುಟ್ಟುತ್ತಿಲ್ಲ.

ಅಣ್ಣ ಕತೆ ಕೇಳಿದ ಹಾಗೆ ಕೇಳಿ ನಕ್ಕ. ಕಣ್ಣೇ ಇಲ್ಲದ್ದಕ್ಕೆ ಹೇಗೆ ಗೊತ್ತಾದೀತು ಎಂದು ನನ್ನನ್ನೇ ಕೇಳಿದ. ಸಿಕ್ಕಿಬಿದ್ದ ಎಂದುಕೊಂಡೆ. ಅಲ್ಲೇ ಇದ್ದ ಎರಡು ಮಚ್ಚು ತೆಗೆದುಕೊಂಡೆ. ಒಂದು ಸಾಣೆ ಹಿಡಿದದ್ದು, ಇನ್ನೊಂದು ಆವತ್ತಷ್ಟೇ ಬಂದ ಮೊಂಡು. ಕಣ್ಣು ಮುಚ್ಚಿಸಿ, ಎಡಗೈ ಹೆಬ್ಬೆರಳಿನಿಂದ ಹೇಳು ಎಂದೆ. ಅಭ್ಯಾಸವಿಲ್ಲದ ಬೆರಳಾದರೂ ತಡವರಿಸದೆ ಸರಿಯಾಗಿ ಹೇಳಿದ. ಹೇಗೆ ತಿಳಿಯಿತು ಎಂದು ಕೇಳಿದೆ.

"ತಾಕುದ್ರೆ ಗೊತ್ತಾಯ್ತದೆ."

ಅವಕ್ಕೂ ಅಷ್ಟೇ ಕಣಣ್ಣ, ಕಣ್ಣು ಯಾಕೆ ಎಂದೆ. ವಾದ ಗೆದ್ದ ಖುಷಿಯಲ್ಲಿ, ಈಗ ಬಲಗೈಯಲ್ಲಿ ಹೇಳು ಎಂದು ಮೊಂಡು ಮಚ್ಚನ್ನೇ ಅವನ ಬೆರಳಿಗೆ ಹಿಡಿದೆ. ಅವನು ಸವರಿದ. ನಿಲ್ಲಿಸಿದ. ಇನ್ನೊಮ್ಮೆ ನಿಧಾನವಾಗಿ ಸವರಿದ. ಚೂಪು ಎಂದ.

ತಿದಿಯ ಸದ್ದು ನಿಂತಿತು. ಅಣ್ಣ ಕಣ್ಣು ಬಿಟ್ಟು ಮಚ್ಚನ್ನು ನೋಡಿದ, ಹೆಬ್ಬೆರಳನ್ನು ನೋಡಿದ. ನೋವಿಲ್ಲ ಎಂದು ಬೀಗುತ್ತಿದ್ದನಲ್ಲ, ಆ ಬೆರಳಿಗೆ ಏನೂ ತಿಳಿಯುತ್ತಲೇ ಇರಲಿಲ್ಲ. ಅವನೇ ಎದ್ದು, ಗೂಟಕ್ಕೆ ಹಾಕಿದ್ದ ಅಂಗಿ ತೆಗೆದುಕೊಂಡ.

"ಕಾರು ಕರ್ಸು, ಓಗುಮಾ" ಎಂದ.

ಮೈಸೂರಿನ ಆಸ್ಪತ್ರೆಗೆ ಹೊರಟೆವು. ಶ್ರೀರಂಗಪಟ್ಟಣದ ಹತ್ತಿರ ಗಾಡಿಗಳ ಮಧ್ಯೆ ಸಿಕ್ಕಿಕೊಂಡಾಗ, ಬೆರಳು ಉಳಿದರೂ ಅದಕ್ಕೆ ಅಲಗು ತಿಳಿಯುತ್ತದಾ ಎಂದು ಅಣ್ಣ ಮೆಲ್ಲಗೆ ಕೇಳಿದ. ತಿಳಿಯುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿದೆ. ಹೇಳುವಾಗ ನನಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಡಾಕ್ಟರು ಆವತ್ತೇ ಬೆರಳು ಕುಯ್ದು ಕೀವು ತೆಗೆದರು. ಕೀವು ಒಳಗೇ ಕಟ್ಟಿಕೊಂಡು ನರವನ್ನು ಒತ್ತಿತ್ತಂತೆ. ಇನ್ನೂ ತಡಮಾಡಿದ್ದರೆ ಬೆರಳೇ ಹೋಗುತ್ತಿತ್ತು ಎಂದು ಅಣ್ಣನಿಗೆ ಚೆನ್ನಾಗಿ ಬೈದರು. ಬೆರಳು ಉಳಿಯಿತು. ಸ್ಪರ್ಶ ಮರಳುವ ಬಗ್ಗೆ ಮಾತ್ರ, ಕಾದು ನೋಡಿ ಎಂದರು.

ಅವನು ಮನೆಗೆ ಬರುವುದರೊಳಗೆ ಅತ್ತಿಗೆ ಬಾನಿಯ ನೀರನ್ನೆಲ್ಲ ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದಿದ್ದರು. ಈಗ ಬಾನಿಯೊಳಗೆ ಕಬ್ಬಿಣ ಮಾತ್ರ ಇಳಿಯುತ್ತದೆ, ಕೈಗೆ ಪಕ್ಕದಲ್ಲಿ ನಲ್ಲಿಯೂ ಸೋಪೂ ಇವೆ. ಅಪ್ಪನ ಕಾಲದ ನೀರು ಹೋಯಿತೆಂದು ಅಣ್ಣ ಗೊಣಗಿದ, ಅತ್ತಿಗೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ಮೊಂಡು ಮಚ್ಚು ಮಾತ್ರ ಗೋಡೆಗೆ ನೇತುಬಿದ್ದಿತು. ಅದರ ಯಜಮಾನನಿಗೆ ಅಣ್ಣ ಬೇರೆ ಮಚ್ಚು ಕೊಟ್ಟು ಕಳಿಸಿದ್ದ. ಸಾಣೆ ಹಿಡಿಯಲು ಯಾರನ್ನೂ ಬಿಡಲಿಲ್ಲ. ನಾನು ಹೋದಾಗಲೆಲ್ಲ ಅದನ್ನು ಇಳಿಸಿ, ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳಿನಿಂದ ಸವರಿ, ಏನೂ ಹೇಳದೆ ಮತ್ತೆ ನೇತುಹಾಕುತ್ತಿದ್ದ. ನೋಡಲಾಗದೆ ನಾನು ಹಿತ್ತಿಲಿಗೆ ಹೋಗಿಬಿಡುತ್ತಿದ್ದೆ. ಬೇಸಿಗೆ ಕಳೆಯಿತು, ಗದ್ದೆಗಳಿಗೆ ನೀರು ಬಿಟ್ಟರು.

ಒಂದು ಭಾನುವಾರ ಮಧ್ಯಾಹ್ನ, ಅತ್ತಿಗೆ ತಿದಿಯೊತ್ತುತ್ತಿದ್ದಾಗ, ಅದನ್ನೇ ಇಳಿಸಿ ಸವರಿದ. ಬೆರಳು ನಡುವೆ ನಿಂತಿತು. ಒಮ್ಮೆ ಹಿಂದಕ್ಕೆ ಹೋಗಿ ಮತ್ತೆ ಬಂತು. ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿದ.

"ಬರೀ ಮೊಂಡು ಕಣಮ್ಮಿ ಇದು. ಇಷ್ಟು ದಿನ ಯಾವ ಪುಣ್ಯಾತ್ಮ ಗೋಡೆ ಮ್ಯಾಲೆ ಮಡ್ಗಿದ್ದ?"

ನನಗೆ ಅಳು ತಡೆಯಲಾಗಲಿಲ್ಲ. ಅವನು ನನ್ನ ಕಡೆ ನೋಡದೆ, ಮಚ್ಚನ್ನು ಬೆಂಕಿಗೆ ತಳ್ಳಿದ.